ಕೆರೆಯ ದಾಯಾದಿಗಳು

ಬೆಳಗಿನ ಆರೂವರೆ. ಬಸವಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆಯಲ್ಲಿ ನೀವು ಕುಕ್ಕರಗಾಲಲ್ಲಿ ಕೂತಿದ್ದೀರಿ. ಎಮ್ಮೆಗಳು ಆಗಲೇ ನೀರಿಗಿಳಿದಿವೆ. ಮೂಗು, ಕೋಡು ಬಿಟ್ಟರೆ ಮೈಯೆಲ್ಲ ನೀರೊಳಗೆ. ಬೆನ್ನುಜ್ಜುತ್ತಿರುವ ಹುಡುಗ ನಿಮ್ಮನ್ನೊಮ್ಮೆ, ನಿಮ್ಮ ಕೈಯ ಗಾಜಿನ ಬಾಟಲಿಯನ್ನೊಮ್ಮೆ ನೋಡಿ ಸುಮ್ಮನಾಗುತ್ತಾನೆ. ಕಾರ್ತಿಕದ ಚಳಿ ಇನ್ನೂ ನೆಲ ಬಿಟ್ಟಿಲ್ಲ.

ನೀರಂಚಿನ ಕಲ್ಲಿಗೆ ಪಾಚಿ ಎಳೆ ಎಳೆಯಾಗಿ ಹಿಡಿದಿದೆ. ಒಂದು ಚಿಟಿಕೆ ಕಿತ್ತು ಬಾಟಲಿಗೆ ಹಾಕಿ. ಮುಳುಗಿ ಕೂತ ಜಾಲಿಯ ಕೊಂಬೆಯೊಂದನ್ನು ಮೇಲೆತ್ತಿ ಅದರ ಅಡಿಮಗ್ಗುಲು ಸವರಿ. ಬೆರಳಿಗೆ ಒರಟು ಒರಟಾದ ಬೂದು ಪದರವೊಂದು ಸಿಕ್ಕರೆ ಅದನ್ನು ಕೊಳೆ ಎಂದು ಒರೆಸಿಬಿಡಬೇಡಿ. ಅದು ಸಿಹಿನೀರಿನ ಸ್ಪಂಜು, ಅಂದರೆ ಪ್ರಾಣಿ. ದಖ್ಖನಿನ ಕೆರೆಗಳಲ್ಲಿ ಇದು ಅಪರೂಪವೇನಲ್ಲ. ಬೇಸಿಗೆಯಲ್ಲಿ ನೀರು ಇಳಿದು ಕೊಂಬೆ ಒಣಗಿದಾಗ ಇದು ಗಟ್ಟಿ ಕವಚದ ಸಣ್ಣ ಕಾಳುಗಳನ್ನು ಬಿಟ್ಟು ಸಾಯುತ್ತದೆ. ಮಳೆ ಬಂದು ನೀರೇರಿದಾಗ ಆ ಕಾಳುಗಳಿಂದ ಮತ್ತೆ ಸ್ಪಂಜು ಹುಟ್ಟುತ್ತದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಹೆನ್ರಿ ಜಾನ್ ಕಾರ್ಟರ್ ಬೊಂಬಾಯಿಯ ಕೆರೆಕುಂಟೆಗಳಲ್ಲಿ ಈ ಕಾಳುಗಳ ಬೆನ್ನು ಹತ್ತಿದ್ದ. ನಮ್ಮ ಕಡೆಯ ಕೆರೆಗಳಲ್ಲಿ ಸಾಮಾನ್ಯವಾದ ಸ್ಪಂಜೊಂದು ಇಂದಿಗೂ ಅವನ ಹೆಸರು ಹೊತ್ತಿದೆ.

ಸೂಕ್ಷ್ಮದರ್ಶಕವನ್ನು ಚಪ್ಪಟೆ ಕಲ್ಲಿನ ಮೇಲಿಡಿ. ಕನ್ನಡಿಯಿಂದ ಬೆಳಕು ಹಿಡಿಯುವ ಕಾಲೇಜಿನ ಹಳೇ ಮಾದರಿಯಾದರೂ ನಡೆಯುತ್ತದೆ, 400 ಪಟ್ಟು ಹಿಗ್ಗಿಸಿದರೆ ಸಾಕು. ಪಾಚಿಯ ಎಳೆಯೊಂದನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಒಂದು ಹನಿ ಕೆರೆ ನೀರು ಬಿಟ್ಟು ಕಣ್ಣಿಡಿ.

ಮೊದಲು ಕಾಣುವವು ದೊಡ್ಡವು. ಚಪ್ಪಲಿ ಆಕಾರದ ಪ್ಯಾರಮೀಸಿಯಂ ಅಡ್ಡಾದಿಡ್ಡಿ ಓಡುತ್ತದೆ, ಚಕ್ರಜೀವಿಯೊಂದು ಬಾಯಂಚಿನ ಕೂದಲು ತಿರುಗಿಸುತ್ತ ತಿನ್ನುತ್ತಿದೆ. ಅವನ್ನು ಬಿಡಿ. ಪಾಚಿಯ ಎಳೆಯ ಅಂಚಿನಲ್ಲೇ ಕಣ್ಣು ಓಡಿಸಿ, ನಿಧಾನವಾಗಿ. ಎಳೆಗೆ ಸಣ್ಣ ದಂಟು ಊರಿಕೊಂಡು ನಿಂತ ಒಂದು ಗುಂಡು. ಅಗಲ ಮಿಲಿಮೀಟರಿನ ಇನ್ನೂರನೇ ಒಂದು ಪಾಲು. ಅದರ ತಲೆಯ ಮೇಲೆ ಲಾಳಿಕೆಯಂಥ ಕೊರಳಪಟ್ಟಿ, ಪಟ್ಟಿಯ ನಡುವಿನಿಂದ ಹೊರಟ ಒಂದೇ ಒಂದು ಬಾಲ. ಜೀವಶಾಸ್ತ್ರದ ಪುಸ್ತಕದಲ್ಲಿ ಆ ಬಾಲವನ್ನು ಕಶಾಂಗ ಎನ್ನುತ್ತಾರೆ. ಬಾಲ ಬಡಿದಂತೆಲ್ಲ ಸುತ್ತಲಿನ ನೀರು ಕೊರಳಪಟ್ಟಿಯ ಕಡೆಗೆ ಹರಿದು ಬರುತ್ತದೆ, ನೀರಿನೊಡನೆ ಬಂದ ಬ್ಯಾಕ್ಟೀರಿಯ ಪಟ್ಟಿಯ ಹೊರಮೈಗೆ ಸಿಕ್ಕಿಬೀಳುತ್ತದೆ, ಜೀವಕೋಶ ಅದನ್ನು ನುಂಗುತ್ತದೆ. ಇದೇ ಕೋಆನೋಫ್ಲಾಜೆಲೇಟ್. ಇಷ್ಟರಲ್ಲಿ ನಿಮ್ಮ ಕಣ್ಣು ನೋಯುತ್ತದೆ, ಕೊರಳಪಟ್ಟಿ ಕಂಡಿತೋ ಕಂಡಂತಾಯಿತೋ ಎಂಬ ಅನುಮಾನವೂ ಬರುತ್ತದೆ. ಕನ್ನಡಿಯನ್ನು ಕೊಂಚ ಓರೆ ಮಾಡಿ. ಈಗ ಕಂಡಿತು.

ಇನ್ನು ಆ ಕೊಂಬೆಯ ಸ್ಪಂಜಿನ ಚೂರೊಂದನ್ನು ಹಿಸುಕಿ ನೋಡಿ. ಅದರ ಒಳಗೋಡೆಯ ಜೀವಕೋಶಗಳಿಗೂ ಅದೇ ಕೊರಳಪಟ್ಟಿ, ಅದೇ ಒಂಟಿ ಬಾಲ, ನೀರು ಸೆಳೆದು ಬ್ಯಾಕ್ಟೀರಿಯ ತಿನ್ನುವ ಅದೇ ಕಸುಬು. 1860ರ ದಶಕದಲ್ಲಿ ಅಮೆರಿಕದ ಹೆನ್ರಿ ಜೇಮ್ಸ್-ಕ್ಲಾರ್ಕ್ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಸ್ಪಂಜೆಂದರೆ ಇಂಥ ಒಂಟಿ ಜೀವಿಗಳ ಕೂಟವೇ ಎಂದು ವಾದಿಸಿದ. ಅವನ ವಾದದ ಎಲ್ಲ ಅಂಶಗಳೂ ಉಳಿದಿಲ್ಲ, ಆದರೆ ನೆಂಟಸ್ತಿಕೆಯ ಮಾತು ಉಳಿಯಿತು. 2008ರಲ್ಲಿ ನಿಕೋಲ್ ಕಿಂಗ್ ಮತ್ತು ಸಂಗಡಿಗರು ಒಂದು ಕೋಆನೋಫ್ಲಾಜೆಲೇಟಿನ ಇಡೀ ಜೀನೋಮ್ ಓದಿದಾಗ, ಪ್ರಾಣಿಗಳ ಮೈಯಲ್ಲಿ ಜೀವಕೋಶವನ್ನು ಜೀವಕೋಶಕ್ಕೆ ಅಂಟಿಸುವ ಕ್ಯಾಡ್ಹೆರಿನ್ ಜಾತಿಯ ಪ್ರೋಟೀನುಗಳ ಜೀನುಗಳು ಅದರಲ್ಲಿ ಸಿಕ್ಕವು. ಒಂಟಿಯಾಗಿ ಬದುಕುವವನ ಮನೆಯಲ್ಲಿ ಅಂಟು ಏಕೆ? ಬಹುಶಃ ಬ್ಯಾಕ್ಟೀರಿಯ ಹಿಡಿಯಲು. ಮೈ ಕಟ್ಟುವ ಕೆಲಸ ಆಮೇಲೆ ಬಂದದ್ದು.

ಕಲ್ಯಾಣದ ನೆಲದಲ್ಲಿ ಕೂತು ಯಾರ ಕುಲವನ್ನೂ ಕೇಳಬಾರದೆಂದು ನಿಮಗೂ ಗೊತ್ತು. ಆದರೂ ಈ ಗುಂಡಿನ ಕುಲ ಕೇಳಲೇಬೇಕು.

ನೂರು ಕೋಟಿ ವರ್ಷಕ್ಕೂ ಹಿಂದೆ ಒಂದು ವಂಶ ಎರಡಾಗಿ ಕವಲೊಡೆಯಿತು. ಒಂದು ಕವಲು ಶಿಲೀಂಧ್ರಗಳ ಕಡೆಗೆ ಹೋಯಿತು, ಇನ್ನೊಂದು ಪ್ರಾಣಿಗಳ ಕಡೆಗೆ. ಗಿಡಮರಗಳು ಈ ಕವಲಿನ ಹತ್ತಿರವೆಲ್ಲೂ ಇಲ್ಲ, ಅವು ಅದಕ್ಕೂ ಬಹಳ ಮೊದಲೇ ಬೇರೆಯಾದವು. ಅಂದಮೇಲೆ ನಿಮ್ಮ ಹಿತ್ತಲ ಬೇವಿನ ಮರಕ್ಕಿಂತ ಅದರ ಬುಡದಲ್ಲಿ ಎದ್ದ ಅಣಬೆ ನಿಮಗೆ ಹತ್ತಿರದ ರಕ್ತಸಂಬಂಧಿ. ಸಸ್ಯಶಾಸ್ತ್ರ ವಿಭಾಗದವರು ಅಣಬೆಯನ್ನು ಇಷ್ಟು ಕಾಲ ತಮ್ಮ ಪಠ್ಯದಲ್ಲಿಟ್ಟುಕೊಂಡದ್ದು ಅಭ್ಯಾಸಬಲವೇ ಹೊರತು ಬೇರೇನಲ್ಲ.

ಇದಕ್ಕೆ ಸಾಕ್ಷಿ ಈ ಗಾಜಿನ ಪಟ್ಟಿಯ ಮೇಲೇ ಇದೆ. ನೀರಿಗೆ ಬಿದ್ದ ಪರಾಗದ ಕಾಳೊಂದನ್ನು ಕೈಟ್ರಿಡ್ ಎಂಬ ನೀರಿನ ಶಿಲೀಂಧ್ರ ಒಳಗೊಳಗೇ ತಿನ್ನುತ್ತಿದೆ. ಅದರ ಚೀಲ ಬಿರಿದು ಸಣ್ಣ ಬೀಜಾಣುಗಳು ಈಜಿ ಹೊರಡುತ್ತವೆ. ಪ್ರತಿಯೊಂದಕ್ಕೂ ಒಂದೇ ಬಾಲ, ಅದೂ ಹಿಂದೆ, ಮೈಯನ್ನು ಮುಂದಕ್ಕೆ ತಳ್ಳುವ ಬಾಲ. ದಂಟು ಬಿಟ್ಟು ಈಜುವ ಕೋಆನೋಫ್ಲಾಜೆಲೇಟಿಗೂ ಹಾಗೆಯೇ. ಗಂಡಸಿನ ವೀರ್ಯಾಣುವಿಗೂ ಹಾಗೆಯೇ. ಪಕ್ಕದಲ್ಲೇ ಓಡಾಡುವ ಹಸಿರು ಪಾಚಿಯ ಕಣ ನೋಡಿ, ಅದರ ಬಾಲಗಳು ಮುಂದಿವೆ, ಮೈಯನ್ನು ಎಳೆದುಕೊಂಡು ಹೋಗುತ್ತವೆ. 1987ರಲ್ಲಿ ಬ್ರಿಟನ್ನಿನ ಥಾಮಸ್ ಕ್ಯಾವಲಿಯರ್-ಸ್ಮಿತ್ ಈ ಹಿಂಬಾಲವನ್ನು ಮುಖ್ಯ ಗುರುತಾಗಿ ಹಿಡಿದು ಪ್ರಾಣಿ, ಶಿಲೀಂಧ್ರ, ಕೋಆನೋಫ್ಲಾಜೆಲೇಟ್ ಮೂವರನ್ನೂ ಒಂದೇ ಮನೆತನಕ್ಕೆ ಸೇರಿಸಿದ. ಬಾಲ ನೋಡಿ ನೆಂಟಸ್ತಿಕೆ ಹೇಳಿದರೆ ನಂಬದವರೂ ಇದ್ದರು. 1993ರಲ್ಲಿ ಜೀನುಗಳೇ ಮಾತಾಡಿದವು. ಜೀವಕೋಶ ಪ್ರೋಟೀನು ಕಟ್ಟುವಾಗ ಬಳಸುವ ಒಂದು ಸಲಕರಣೆಯಲ್ಲಿ ಸುಮಾರು 12 ಅಮೈನೋ ಆಮ್ಲಗಳ ಒಂದು ತುಂಡು ಪ್ರಾಣಿ ಮತ್ತು ಶಿಲೀಂಧ್ರ ಎರಡರಲ್ಲೂ ಇದೆ, ಗಿಡಗಳಲ್ಲಿ ಇಲ್ಲ. ಸ್ಯಾಂಡ್ರಾ ಬಾಲ್ಡಾಫ್ ಮತ್ತು ಜೆಫ್ರಿ ಪಾಮರ್ ಅದನ್ನು ತೋರಿಸಿಕೊಟ್ಟರು.

ಕಲ್ಲಿನ ಮೇಲೆ ಬಸವನಹುಳುವೊಂದು ತೆವಳುತ್ತಿದೆ. ಇದರ ಜಾತಿಯ ದೂರದ ನೆಂಟ, ಪೋರ್ಟೊ ರಿಕೊ ದ್ವೀಪದ ಬಸವನಹುಳುವಿನ ರಕ್ತದಲ್ಲಿ, ಕ್ಯಾಪ್ಸಾಸ್ಪೋರ ಎಂಬ ಒಂಟಿ ಜೀವಕೋಶ ಸಿಕ್ಕಿತು. ಅಲ್ಲಿ ಸೇರಿಕೊಂಡ ಪರಾವಲಂಬಿ ಹುಳದ ಮರಿಗಳನ್ನು ಅದು ತಿಂದುಹಾಕುತ್ತದೆ. ಅದೂ ಪ್ರಾಣಿಗಳ ಕವಲಿನದೇ. ಅಷ್ಟು ಸಾಕು, ಬಸ್ಸಿಗೆ ಹೊತ್ತಾಯಿತು. ಬಾಟಲಿಯ ಮುಚ್ಚಳ ಬಿಗಿ ಮಾಡಿ.

ಹುಮನಾಬಾದ್ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೀರಿ. ಬಾಟಲಿ ತೊಡೆಯ ಮೇಲಿದೆ. ಬಿಳಿ ಟೋಪಿಯ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಕೂತವರೇ ಕೇಳುತ್ತಾರೆ:

"ಬಾಟ್ಲಿದಾಗ ಏನ್ ಒಯ್ಲತ್ತೀರಿ ಸರ?"

"ಕೆರಿ ನೀರು, ಕಾಕಾ."

"ಯಾಕ್ರಿ, ಹುಮನಾಬಾದದಾಗ ನೀರಿಲ್ಲೇನ್ರಿ?"

ಹಿಂದಿನ ಸೀಟಿನವರೂ ನಗುತ್ತಾರೆ. ನೀವು ನೀರಿನೊಳಗಿನ ಜೀವಿಗಳ ಮಾತೆತ್ತುತ್ತೀರಿ, ಒಂದೇ ಜೀವಕೋಶದವು, ಆದರೂ ನಮ್ಮ ಕಡೆಯವು ಎನ್ನುತ್ತೀರಿ. ಕಾಕಾ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ. "ಹುಳಾ ಅನ್ರಿ ಹಂಗಾದ್ರ." ಹುಳ ಅಲ್ಲ ಎನ್ನುತ್ತೀರಿ. "ಮತ್ತ ಪಾಚಿ?" ಪಾಚಿಯೂ ಅಲ್ಲ. "ಬೂಷ್ಟು?" ಅದೂ ಅಲ್ಲ. "ಹುಳಾ ಅಲ್ಲ, ಪಾಚಿ ಅಲ್ಲ, ಬೂಷ್ಟು ಅಲ್ಲ. ಮತ್ತ ಏನಂತ ಬರೀತೀರಿ ರೇಶನ್ ಕಾರ್ಡಿನ್ಯಾಗ?"

ನೂರು ವರ್ಷಗಳಿಂದ ಜೀವಶಾಸ್ತ್ರಜ್ಞರು ತಡಕಾಡಿದ ಪ್ರಶ್ನೆಯನ್ನು ಕಾಕಾ ಸಸ್ತಾಪುರ ಬಂಗ್ಲಾ ಬರುವಷ್ಟರಲ್ಲಿ ಕೇಳಿ ಮುಗಿಸಿದರು. ಬಸ್ಸು ಹೆದ್ದಾರಿಗೆ ತಿರುಗುತ್ತದೆ. ಲಾರಿ ರಿಪೇರಿಯ ಶೆಡ್ಡುಗಳು, ಟೈರಿನ ಗುಡ್ಡೆಗಳು, ಆಮೇಲೆ ಹೊಲ. ತೊಗರಿ ಹಳದಿ ಹೂ ಬಿಟ್ಟು ನಿಂತಿದೆ, ಪಕ್ಕದ ಎರೆಯಲ್ಲಿ ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿದೆ. ರಾಜೇಶ್ವರದಲ್ಲಿ ಕೆಲವರು ಇಳಿಯುತ್ತಾರೆ, ಮಾಣಿಕನಗರಕ್ಕೆ ಹೋಗುವ ಹೆಂಗಸರು ತೆಂಗಿನಕಾಯಿ ಚೀಲ ಹಿಡಿದು ಹತ್ತುತ್ತಾರೆ. ತೊಗರಿ ಮತ್ತು ಜೋಳ ಎರಡನ್ನೂ ಗಮನದಲ್ಲಿಡಿ, ಊಟದ ಹೊತ್ತಿಗೆ ಬೇಕಾಗುತ್ತವೆ.

ಹುಮನಾಬಾದಿನ ಖಾನಾವಳಿಯಲ್ಲಿ ತಟ್ಟೆ ಬಂತು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ಬಟ್ಟಲು ತೊಗರಿ ಬ್ಯಾಳಿ. ರೊಟ್ಟಿಯನ್ನು ಬ್ಯಾಳಿಯಲ್ಲಿ ಅದ್ದಿ ಬಾಯಿಗಿಡುತ್ತೀರಿ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಧಾರಾಳ. ನಮ್ಮ ಮೈ ಲೈಸಿನನ್ನು ತಯಾರಿಸಲಾರದು, ತಿಂದೇ ಪಡೆಯಬೇಕು. ನಾವಷ್ಟೇ ಅಲ್ಲ, ಪ್ರಾಣಿಕುಲದ ಹಣೆಬರಹವೇ ಅದು. ಆದರೆ ಮೂಲೆಯಲ್ಲಿ ಮರೆತ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿಗೆ ಬೇಳೆ ಬೇಕಿಲ್ಲ, ಅದು ತನ್ನ ಲೈಸಿನನ್ನು ತಾನೇ ಮಾಡಿಕೊಳ್ಳುತ್ತದೆ. ಗಿಡಗಳು ಮಾಡಿಕೊಳ್ಳುವ ರೀತಿ ಬೇರೆ, ಶಿಲೀಂಧ್ರಗಳದು ಬೇರೆಯೇ ರೀತಿ.

ಹಾಗಾದರೆ ಕವಲೊಡೆದ ಹೊತ್ತಿನಲ್ಲಿ ಆ ವಿದ್ಯೆ ಯಾರ ಕೈಯಲ್ಲಿತ್ತು? ಶಿಲೀಂಧ್ರಗಳು ಆಮೇಲೆ ಕಲಿತವೋ, ನಮ್ಮ ಹಿರಿಯರು ಆಮೇಲೆ ಮರೆತರೋ?

ಉತ್ತರದ ಒಂದು ಎಳೆ ಹೊರಟದ್ದು ಲಕ್ಷದ್ವೀಪದಿಂದ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಶೇಷಗಿರಿ ರಘುಕುಮಾರ್ ಅಲ್ಲಿನ ಹವಳದ ಲಗೂನುಗಳಲ್ಲಿ ಸಣ್ಣ ಗುಂಡು ಜೀವಕೋಶವೊಂದನ್ನು ಕಂಡರು. 1987ರಲ್ಲಿ ಅದಕ್ಕೆ ಕೊರಲೋಕೈಟ್ರಿಯಂ ಲಿಮಾಸಿಸ್ಪೋರಂ ಎಂದು ಹೆಸರಿಟ್ಟರು. ಗುಂಡು ತನ್ನೊಳಗೇ ಎರಡಾಗಿ, ನಾಲ್ಕಾಗಿ, ಇನ್ನೂ ಹಲವಾಗಿ ಒಡೆಯುತ್ತದೆ. ಕೊನೆಗೆ ಗೋಡೆ ಬಿರಿದು ಮರಿಗಳು ತೆವಳಿಕೊಂಡು ಹೊರಬರುತ್ತವೆ. ನೋಟಕ್ಕೆ ಅದು ಥ್ರಾಸ್ಟೋಕೈಟ್ರಿಡ್ ಎಂಬ ಸಮುದ್ರಜೀವಿಗಳ ಹಾಗಿತ್ತು, ಅಲ್ಲೇ ಸೇರಿಸಿದರು. ಆ ಗುಂಪು ಕಂದು ಪಾಚಿಗಳ ನೆಂಟರದು, ನಮಗೂ ಅದಕ್ಕೂ ಬಹುದೂರ. 1996ರಲ್ಲಿ ಅದರ ಜೀನನ್ನು ಓದಿದಾಗ ಅದು ಹಾರಿ ಕೋಆನೋಫ್ಲಾಜೆಲೇಟುಗಳ ಹತ್ತಿರ ಬಂದು ಕೂತಿತು. 2006ರಲ್ಲಿ ರಘುಕುಮಾರರ ತಂಡ ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ ದುರ್ಗಾದಾಸ್ ಕಸಬೇಕರ್ ಅವರೊಡನೆ ಸೇರಿ ಇನ್ನಷ್ಟು ಜೀನುಗಳನ್ನು ನೋಡಿತು. ಶಿಲೀಂಧ್ರಗಳ ಸ್ವಂತ ಸೊತ್ತು ಎಂದೇ ಎಲ್ಲರೂ ಎಣಿಸಿದ್ದ ಲೈಸಿನ್ ತಯಾರಿಕೆಯ ಜೀನು ಅದರಲ್ಲಿತ್ತು.  ಆ ಲೆಕ್ಕದಲ್ಲಿ ಕೊರಲೋಕೈಟ್ರಿಯಂ ಶಿಲೀಂಧ್ರಗಳ ಬುಡಕ್ಕೆ ಹೋಗಿ ನಿಂತಿತು. 2015ರ ಹೊತ್ತಿಗೆ ಒಂದೆರಡಲ್ಲ, ಹತ್ತಾರು ಜೀನುಗಳನ್ನು ಒಟ್ಟಿಗಿಟ್ಟು ಹೋಲಿಸುವುದು ಸಾಧ್ಯವಾಯಿತು. ಆಗ ಅದು ಮತ್ತೆ ಪ್ರಾಣಿಗಳ ಕವಲಿಗೆ ಬಂತು. ವಿಯೆಟ್ನಾಮಿನ ಸಿಹಿನೀರಿನಲ್ಲಿ ಸಿಕ್ಕ ಸಿಸ್ಸೊಮೊನಾಸ್ ಎಂಬ ಬೇಟೆಗಾರ ಜೀವಕೋಶವನ್ನು 2017ರಲ್ಲಿ ಅದರ ಪಕ್ಕದಲ್ಲಿ ಕೂರಿಸಿದರು.

ಇಷ್ಟು ಸಲ ಮನೆ ಬದಲಿಸಿತೆಂದು ವಿಜ್ಞಾನಿಗಳನ್ನು ನೋಡಿ ನಗುವವರು ಇದ್ದಾರೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಕವಲಿನ ಹತ್ತಿರ ನಿಂತವರಲ್ಲಿ ಎರಡೂ ಮನೆಯ ಸಾಮಾನು ಇರುವುದೇ ಸಹಜ. ಪ್ರಾಣಿಗಳ ಕವಲಿನ ಜೀವಿಯೊಂದರಲ್ಲಿ ಶಿಲೀಂಧ್ರದ ಜೀನು ಉಳಿದಿದೆ ಎಂದರೆ, ಆ ವಿದ್ಯೆ ಇಬ್ಬರ ಹಿರಿಯನಲ್ಲೂ ಇತ್ತೆಂದು ಹೇಳುವುದೇ ಸರಳವಾದ ವಿವರಣೆ. ಶಿಲೀಂಧ್ರ ಉಳಿಸಿಕೊಂಡಿತು, ನಾವು ಕಳೆದುಕೊಂಡೆವು. ಇನ್ನೊಬ್ಬರನ್ನು ತಿಂದು ಬದುಕುವವರಿಗೆ ಲೈಸಿನ್ ಮಾಡುವ ಕಷ್ಟ ಯಾಕೆ ಬೇಕು? ಆ ಸೋಮಾರಿತನದ ಬೆಲೆಯೇ ಈ ಬಟ್ಟಲಿನ ಬ್ಯಾಳಿ. ಇನ್ನೊಂದು ಸೌಟು ಹಾಕಿಸಿಕೊಳ್ಳಿ.

ಊಟವಾದ ಮೇಲೆ ಕಿವಿ, ಮೂಗು, ಗಂಟಲಿನ ವೈದ್ಯರೊಬ್ಬರ ದವಾಖಾನೆಯ ಬೆಂಚಿಗೆ ಬಂದು ಕೂರೋಣ. ನಿಮ್ಮ ಪಕ್ಕದಲ್ಲಿ ಇಪ್ಪತ್ತೆರಡರ ಒಬ್ಬ ಹುಡುಗ ಕೂತಿದ್ದಾನೆ ಎಂದುಕೊಳ್ಳಿ. ಚಿಕ್ಕಂದಿನಿಂದ ಕೆರೆಯಲ್ಲಿ ಈಜಿದವನು, ದನ ತೊಳೆದವನು. ಬಲಗಡೆ ಮೂಗು ತಿಂಗಳುಗಟ್ಟಲೆಯಿಂದ ಕಟ್ಟಿದೆ, ಆಗೊಮ್ಮೆ ಈಗೊಮ್ಮೆ ರಕ್ತ ಬರುತ್ತದೆ. ಅವನ ತಾಯಿ ಅದನ್ನು ಉಷ್ಣ ಎಂದುಕೊಂಡು ಮಜ್ಜಿಗೆ ಕುಡಿಸಿದ್ದಾಳೆ.

ವೈದ್ಯರು ಮೂಗಿನ ಹೊಳ್ಳೆ ಅಗಲಿಸಿ ಬೆಳಕು ಬಿಡುತ್ತಾರೆ. ಒಳಗೊಂದು ಕೆಂಪು ಗಡ್ಡೆ, ಮುಟ್ಟಿದರೆ ರಕ್ತ. ಮೈತುಂಬ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ನೀವೂ ಬಗ್ಗಿ ನೋಡಿ. ಬರಿಗಣ್ಣಿಗೆ ಕಾಣುವ ಆ ಒಂದೊಂದು ಚುಕ್ಕೆಯೂ ಒಂದೇ ಜೀವಕೋಶ ಬೆಳೆದು ಆದ ಚೀಲ. ಮಿಲಿಮೀಟರಿನ ಹತ್ತನೇ ಒಂದು ಪಾಲಿನಿಂದ ಅದರ ಮೂರ್ನಾಲ್ಕು ಪಟ್ಟಿನವರೆಗೆ ಹಿಗ್ಗಿ, ಒಳಗೆ ಸಾವಿರಾರು ಮರಿಗಳನ್ನು ತುಂಬಿಕೊಂಡು ಕೂತಿದೆ. ಹೆಸರು ರೈನೋಸ್ಪೋರಿಡಿಯಂ ಸೀಬರಿ. ಜಗತ್ತಿನಲ್ಲಿ ಈ ಕಾಯಿಲೆ ಹೆಚ್ಚಾಗಿ ಕಾಣುವುದು ಭಾರತ ಮತ್ತು ಶ್ರೀಲಂಕಾದಲ್ಲಿ, ಅದರಲ್ಲೂ ನಿಂತ ನೀರಿಗೆ ಇಳಿಯುವವರಲ್ಲಿ. ಕರ್ನಾಟಕದ ಆಸ್ಪತ್ರೆಗಳಿಂದಲೂ ವರದಿಗಳು ಬಂದಿವೆ. ದನ, ಕುದುರೆ, ನಾಯಿಗಳ ಮೂಗಿಗೂ ಬರುತ್ತದೆ.

ಇದರ ಕಡತವಂತೂ ಕೊರಲೋಕೈಟ್ರಿಯಂಗಿಂತ ದಪ್ಪ. 1900ರಲ್ಲಿ ಬ್ಯೂನಸ್ ಐರಿಸ್‌ನ ವೈದ್ಯ ವಿದ್ಯಾರ್ಥಿ ಗಿಲ್ಲೆರ್ಮೊ ಸೀಬರ್ ಇದನ್ನು ವಿವರಿಸುತ್ತ ಮಲೇರಿಯಾ ರೋಗಾಣುವಿನ ದೂರದ ಬಳಗಕ್ಕೆ ಸೇರಿಸಿದ. 1903ರಲ್ಲಿ ಕಲ್ಕತ್ತೆಯಿಂದ ಓಕಿನೀಲಿ ಎಂಬವನ ವರದಿ ಬಂತು. 1923ರಲ್ಲಿ ಎಡಿನ್‌ಬರೋದ ಆ್ಯಶ್‌ವರ್ತ್ ಅದರ ಜೀವನಚಕ್ರವನ್ನು ಬಿಡಿಸಿ ಬರೆದು, ಇದು ಶಿಲೀಂಧ್ರ ಎಂದ. ಮುಂದಿನ ಮುಕ್ಕಾಲು ಶತಮಾನ ವೈದ್ಯಕೀಯ ಪಠ್ಯಗಳಲ್ಲಿ ಅದು ಶಿಲೀಂಧ್ರವಾಗಿಯೇ ಇತ್ತು. ದೆಹಲಿಯಿಂದ ಇನ್ನೊಂದು ವಾದ ಬಂತು, ಇದು ಕೆರೆಯ ನೀಲಿ-ಹಸಿರು ಪಾಚಿ ಎಂದು. ಪ್ರಯೋಗಾಲಯದಲ್ಲಿ ಇದನ್ನು ಸಾಕಿ ಬೆಳೆಸಿ ತೀರ್ಮಾನಿಸೋಣವೆಂದರೆ ಅದು ಬೆಳೆಯಲೊಲ್ಲದು.

ತೀರ್ಪು ಬಂದದ್ದು ಮೀನಿನ ಕಡೆಯಿಂದ. 1996ರಲ್ಲಿ ಮಾರ್ಕ್ ರೇಗನ್ ಮತ್ತು ಸಂಗಡಿಗರು ಮೀನು, ಕ್ರೇಫಿಶ್‌ಗಳನ್ನು ಕಾಡುವ ನಾಲ್ಕು ಅನಾಥ ಪರಾವಲಂಬಿಗಳ ಜೀನು ಓದಿ, ನಾಲ್ಕೂ ಒಂದೇ ಮನೆಯವು, ಆ ಮನೆ ಪ್ರಾಣಿ-ಶಿಲೀಂಧ್ರ ಕವಲಿನ ಬಳಿ ಇದೆ ಎಂದು ತೋರಿಸಿದ್ದರು. 1999ರಲ್ಲಿ ಹರ್, ಮೆಂಡೋಜ ಮತ್ತು ಶ್ರೀಲಂಕಾದ ಅರ್ಸೆಕುಲರತ್ನೆ ಇದ್ದ ತಂಡ ರೈನೋಸ್ಪೋರಿಡಿಯಂನ ಜೀನನ್ನು ಓದಿದಾಗ ಅದು ಆ ಮೀನಿನ ರೋಗಾಣುಗಳ ಸಾಲಿಗೇ ಬಂದು ನಿಂತಿತು. ಮರುವರ್ಷ ಫ್ರೆಡ್ರಿಕ್ಸ್ ಅವರ ತಂಡವೂ ಅದನ್ನೇ ಕಂಡಿತು. ಬೂಷ್ಟಲ್ಲ, ಪಾಚಿಯಲ್ಲ. ಕಾಕಾನ ರೇಶನ್ ಕಾರ್ಡಿನಲ್ಲಿ ಬರೆಯಬೇಕಾದದ್ದು: ಪ್ರಾಣಿಕುಲದ ದಾಯಾದಿ.

ಆ ಚೀಲ ತುಂಬುವ ಬಗೆಯೂ ಗಮನಿಸುವಂಥದ್ದು. ಒಂದು ಜೀವಕೋಶ ದೊಡ್ಡದಾಗಿ, ಒಳಗೊಳಗೇ ಭಾಗವಾಗುತ್ತ ಹೋಗುವುದು ಈ ಮನೆತನದ ಪದ್ಧತಿ. ಇದೇ ಮನೆತನದ ಕ್ರೋಮೋಸ್ಫೇರ ಎಂಬ ಸಮುದ್ರವಾಸಿ ಹವಾಯಿಯಲ್ಲಿ ಸಿಕ್ಕಿತ್ತು. ಅದು ಗಾತ್ರ ಬೆಳೆಸದೆ ಸುಮ್ಮನೆ ಒಡೆಯುತ್ತ ಹೋಗಿ ಪ್ರಾಣಿಯ ಮೊದಲ ದಿನಗಳ ಭ್ರೂಣದಂಥ ಜೀವಕೋಶದ ಉಂಡೆ ಕಟ್ಟುವುದನ್ನು ಜಿನೀವಾದ ಒಮಾಯ ದುದಿನ್ ಅವರ ತಂಡ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿತು. ತತ್ತಿಯೊಡೆಯುವ ಪ್ರಾಣಿ ಹುಟ್ಟುವ ಮೊದಲೇ ತತ್ತಿಯಂತೆ ಒಡೆಯುವ ವಿದ್ಯೆ ಇತ್ತೋ, ಅಥವಾ ಎರಡೂ ಕಡೆ ಬೇರೆ ಬೇರೆಯಾಗಿ ಬಂತೋ, ಆ ಜಗಳ ನಡೆದೇ ಇದೆ.

ವೈದ್ಯರಿಗೆ ಜಗಳಕ್ಕೆ ಪುರುಸೊತ್ತಿಲ್ಲ. ಶಿಲೀಂಧ್ರಕ್ಕೆ ಕೊಡುವ ಔಷಧಿಗಳಿಂದ ಈ ಗಡ್ಡೆ ಕರಗುವುದಿಲ್ಲ. ಬುಡಸಮೇತ ಕತ್ತರಿಸಿ, ಬುಡವನ್ನು ಸುಡುವುದೇ ಚಿಕಿತ್ಸೆ. ಮತ್ತೆ ಬರುವುದನ್ನು ತಡೆಯಲು ಕೆಲವರಿಗೆ ತಿಂಗಳುಗಟ್ಟಲೆ ಡ್ಯಾಪ್ಸೋನ್ ಮಾತ್ರೆ ಕೊಡುತ್ತಾರೆ, ಕುಷ್ಠಕ್ಕೆ ಕೊಡುವ ಮಾತ್ರೆಯೇ ಅದು. ಹುಡುಗ ಹೆದರಿ ಕೇಳುತ್ತಾನೆ: "ಮನ್ಯಾಗ ಸಣ್ಣ ತಂಗಿ ಅದಾಳ್ರಿ, ಅಕೀಗಿ ಹತ್ತತದೇನ್ರಿ?" ಇಲ್ಲಪ್ಪಾ ಎನ್ನುತ್ತಾರೆ ವೈದ್ಯರು. ಮನುಷ್ಯನಿಂದ ಮನುಷ್ಯನಿಗೆ ಇದು ಹತ್ತುವ ರೋಗವಲ್ಲ.

ಕೆರೆಯಲ್ಲಿ ಈಜುವ, ದನ ತೊಳೆಯುವ, ಮರಳೆತ್ತುವ ಯಾರಿಗಾದರೂ ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿ ರಕ್ತ ಬರುತ್ತಿದ್ದರೆ, ಅಥವಾ ಕಣ್ಣುರೆಪ್ಪೆಯ ಒಳಪದರದಲ್ಲಿ ಕೆಂಪು ಗಡ್ಡೆ ಎದ್ದಿದ್ದರೆ, ಉಷ್ಣ ಎಂದುಕೊಂಡು ಕೂರಬೇಡಿ, ತಜ್ಞರಿಗೆ ತೋರಿಸಿ. ಕೆರೆಗೆ ಇಳಿಯುವವರೆಂದು ಬಾಯಿಬಿಟ್ಟು ಹೇಳಿ. ಗಡ್ಡೆ ತೆಗೆದ ಮೇಲೆ ಅದನ್ನು ಎಸೆಯಲು ಬಿಡಬೇಡಿ, ಫಾರ್ಮಲಿನ್‌ನಲ್ಲಿ ಹಾಕಿಸಿ ರೋಗಶಾಸ್ತ್ರ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳಿ. ಅದು ಯಾವ ಗಡ್ಡೆ ಎಂದು ನಿಶ್ಚಯವಾಗುವುದು ಅಲ್ಲಿನ ಸೂಕ್ಷ್ಮದರ್ಶಕದ ಕೆಳಗೇ.